ಅದೇನದ ಅಂತ ಮೊದಲು ನೋಡ್ಬೇಕ್ರಿ

ಸೈದಾಪುರ, ರೇಡಿಯಂ ಕಟಿಂಗ್ ಅಂಗಡಿ. ಟ್ರಾಲಿಯ ಹಿಂದೆ ಅಂಟಿಸುವ ಹೆಸರು ತಯಾರಾಗುತ್ತಿದೆ. ಕೋರಲ್‌ಡ್ರಾ ತಂತ್ರಾಂಶದಲ್ಲಿ ಡೊಂಕು ಗೆರೆ ಎಳೆಯಲು ಫ್ರೀಹ್ಯಾಂಡ್ ಇದೆ, ಬೆಝಿಯರ್ ಇದೆ, ಪೆನ್ ಇದೆ. ಮೂರರಿಂದಲೂ ಹುಟ್ಟುವುದು ಒಂದೇ ಜಾತಿಯ ಗೆರೆ. ಹಾಗಿದ್ದ ಮೇಲೆ ಮೂರು ಯಾಕೆ?

ಅಂಗಡಿಯ ಹುಡುಗ ಫ್ರೀಹ್ಯಾಂಡ್ ಮುಟ್ಟುವುದೇ ಇಲ್ಲ. ಮೌಸ್ ಹಿಡಿದ ಕೈ ಅಲುಗಿದ್ದೆಲ್ಲ ಅದರಲ್ಲಿ ಗೆರೆಯಾಗಿ ಉಳಿಯುತ್ತದೆ. ಹಳೆಯ ಲೋಗೋದ ಫೋಟೋ ಇಟ್ಟುಕೊಂಡು ಮೇಲೆ ಗೆರೆ ಕೂಡಿಸುವಾಗ ಪೆನ್ ತೆಗೆದುಕೊಂಡ. ಒತ್ತುವ ಮೊದಲೇ ಮುಂದಿನ ಗೆರೆ ಎಲ್ಲಿ ಬೀಳುತ್ತದೆಂದು ಅದು ತೋರಿಸುತ್ತದೆ.

ಶೇಪ್ ಟೂಲ್ ಇನ್ನೂ ದೊಡ್ಡ ಒಗಟು. ಎಫ್10 ಒತ್ತಿ ಚೌಕದ ಮೂಲೆ ಎಳೆದರೆ ಮೂಲೆ ದುಂಡಗಾಯಿತು. ಅದೇ ಟೂಲಿನಿಂದ ವೃತ್ತದ ಬಿಂದು ಎಳೆದರೆ ವೃತ್ತ ಹೋಳಾಯಿತು. ಅಕ್ಷರಗಳ ಮೇಲಿಟ್ಟರೆ ಅವುಗಳ ನಡುವಿನ ಅಂತರ ಹಿಗ್ಗಿತು. ಫೋಟೋ ಮೇಲಿಟ್ಟರೆ ಫೋಟೋದ ಅಂಚು ಕತ್ತರಿಸಿತು. ಟೂಲು ಒಂದು, ಕೆಲಸ ನಾಲ್ಕು. ಯಾಕೆ ಹೀಗೆ ಅಂತ ಹುಡುಗನನ್ನು ಕೇಳಿದೆ. "ಕಾಕಾ, ಟೂಲ್ ಆಮ್ಯಾಲ. ಅದೇನದ ಅಂತ ಮೊದಲು ನೋಡ್ಬೇಕ್ರಿ" ಅಂದ.

ಆ ಮಾತಿನ ಹಿಂದೆಯೇ ಹೋದೆ. ನಮ್ಮ ಕಣ್ಣಿಗೆ ಕಾಣುವುದು ಆಕಾರ ಮಾತ್ರ. ಯಂತ್ರಕ್ಕೆ ಅದು ಚೌಕ, ಇದು ಪಠ್ಯ, ಮತ್ತೊಂದು ಬರೀ ಗೆರೆ. ಕಂಟ್ರೋಲ್ ಕ್ಯೂ ಒತ್ತಿದ ಕ್ಷಣಕ್ಕೆ ವೃತ್ತವು ವೃತ್ತವೆಂಬುದನ್ನು ಯಂತ್ರ ಮರೆಯುತ್ತದೆ. ಉಳಿಯುವುದು ನಾಲ್ಕು ಬಿಂದುಗಳ ಗೆರೆ. ನೋಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆದರೆ ಈಗ ಅದೇ ಶೇಪ್ ಟೂಲ್ ಬೇರೆಯೇ ಕೆಲಸ ಮಾಡುತ್ತದೆ. ಕಲಿಯುವವರು ಟೂಲ್‌ಬಾಕ್ಸನ್ನು ಮೇಲಿನಿಂದ ಕೆಳಗೆ ಬಾಯಿಪಾಠ ಮಾಡುತ್ತಾರೆ. ಅದಕ್ಕಿಂತ ಯಂತ್ರ ಕಾಣುವ ಈ ಭೇದವನ್ನು ಮೊದಲ ದಿನವೇ ಹೇಳಿಕೊಡಬೇಕು ಅನ್ನಿಸುತ್ತದೆ.

ಕನ್ನಡಕ್ಕೆ ಬಂದರೆ ವಿಷಯ ಇನ್ನೂ ಆಳ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ತಲೆಕಟ್ಟು ಬೇರೆ, ಅಕ್ಷರದ ಒಡಲು ಬೇರೆ, ಒತ್ತು ಬೇರೆ. 'ಕನ್ನಡ' ಅಂತ ಬರೆದರೆ ನಾವು ಓದುವುದು ಮೂರು ಅಕ್ಷರ, ಒಳಗಿರುವುದು 7 ತುಂಡು. ಫ್ಲೆಕ್ಸ್ ಬ್ಯಾನರಿಗಾದರೆ ತೊಂದರೆಯಿಲ್ಲ, ಬಣ್ಣ ಒಂದರ ಮೇಲೊಂದು ಕೂತರೆ ಯಾರಿಗೂ ತಿಳಿಯದು. ರೇಡಿಯಂ ಹಾಳೆಯನ್ನು ಕೊಯ್ಯುವ ಪ್ಲಾಟರ್ ಹಾಗಲ್ಲ. ಅದರ ಬ್ಲೇಡು ಪ್ರತಿ ತುಂಡಿನ ಅಂಚನ್ನೂ ಸುತ್ತುತ್ತದೆ. ತಲೆಕಟ್ಟು ಒಡಲಿನ ಮೇಲೆ ಏರಿ ಕೂತ ಜಾಗದಲ್ಲಿ ಅಕ್ಷರದ ಹೊಟ್ಟೆಯೇ ಸೀಳುತ್ತದೆ. ಅದಕ್ಕೇ ಕಟಿಂಗಿಗೆ ಮುಂಚೆ ವೆಲ್ಡ್: ತುಂಡುಗಳೆಲ್ಲ ಬೆಸೆದು ಒಂದೇ ಹೊರಗೆರೆ. ಹೆಸರು ಅದೇ, ಫಾಂಟು ಅದೇ. ಬ್ಯಾನರಿಗೆ ಬೇಡವಾದ ಟೂಲು ಟ್ರಾಲಿಗೆ ಬೇಕೇ ಬೇಕು.

ಟ್ರೇಸ್ ಬಗ್ಗೆ. ಫೋಟೋವನ್ನು ತಾನೇ ಗೆರೆ ಮಾಡಿಕೊಡುವ ಸೌಲಭ್ಯ. ಅವಸರದವರಿಗೆ ಆಸೆ ಹುಟ್ಟಿಸುತ್ತದೆ. ಮಸುಕಾದ ಫೋಟೋ ಕೊಟ್ಟರೆ ನಾಲ್ಕು ಬಿಂದು ಸಾಕಾಗುವ ವೃತ್ತಕ್ಕೆ ರಾಶಿ ಬಿಂದು ಚೆಲ್ಲುತ್ತದೆ, ಬ್ಲೇಡು ತಡವರಿಸುತ್ತದೆ. ನಮ್ಮ ಲಿಪಿಯ ಮೈತುಂಬ ದುಂಡು; ಕೈಯಿಂದ ಕೆಲವೇ ಬಿಂದು ಇಟ್ಟು ಬಾಗಿಸಿದ ಗೆರೆಯಲ್ಲೇ ಅದಕ್ಕೆ ಲಕ್ಷಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಂದು ಇಟ್ಟು ಎಳೆಯುವ ಈ ಬಾಗು ಬಂದದ್ದು ಫ್ರಾನ್ಸಿನ ಕಾರುಗಳ ಮೈಯಿಂದ. 1959ರಲ್ಲಿ ಸಿಟ್ರೊಯೆನ್ ಕಂಪನಿಯ ಪಾಲ್ ದ ಕ್ಯಾಸ್ಟೆಲ್ಜೊ ಅದರ ಲೆಕ್ಕ ಕಂಡುಕೊಂಡರು, ಕಂಪನಿ ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೊ ಕಂಪನಿಯ ಪಿಯರ್ ಬೆಝಿಯರ್ ಅದನ್ನು ಬಹಿರಂಗಕ್ಕೆ ತಂದರು, ಹೆಸರು ಅವರದಾಯಿತು.

ಇನ್ನೂ ಬಗೆಹರಿಯದ್ದು: ಪೆನ್ ಮುಂದಿನ ಗೆರೆಯನ್ನು ಮೊದಲೇ ತೋರಿಸುವಾಗ, ತೋರಿಸದ ಬೆಝಿಯರನ್ನು ಯಾಕೆ ಇಟ್ಟುಕೊಂಡಿದ್ದಾರೆ? ಹುಡುಗನಿಗೆ 'ಳ' ತಿದ್ದುವಾಗ ಬೆಝಿಯರೇ ಬೇಕು. ಕಾರಣ ಕೇಳಿದರೆ, "ಕೈಗೆ ಅದೇ ಕೂಡಿ ಬರ್ತದ್ರಿ." ಮುಂದಿನ ಸಲ ಬಿಂದು ಇಡುವ ಅವನ ಕೈಯನ್ನೇ ನೋಡಬೇಕು, ಪರದೆಯನ್ನಲ್ಲ.