ಜೇಡ್ ಗಿಡ ಮತ್ತು ನನ್ನದೊಂದು ಪಾಠ

ನಾನು ನಿವೃತ್ತನಾದ ದಿನ ವಿದ್ಯಾರ್ಥಿನಿಯೊಬ್ಬಳು ಕೊಟ್ಟ ಜೇಡ್ ಗಿಡ ನಮ್ಮ ಕಿಟಕಿಯಲ್ಲಿ ಒಂಬತ್ತು ವರ್ಷ ಸೊಗಸಾಗಿ ಬೆಳೆದಿತ್ತು. ಆರೈಕೆಯೆಲ್ಲ ಮಡದಿಯದು; ಮಣ್ಣಿಗೆ ಬೆರಳಿಟ್ಟು ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರುಣಿಸುತ್ತಿದ್ದಳು. 2023ರ ಮಳೆಗಾಲದಲ್ಲಿ ಆಕೆ ಮಗಳ ಬಾಣಂತನಕ್ಕೆ ಹೋದಾಗ ಹೊಣೆ ನನ್ನ ಪಾಲಿಗೆ ಬಂದಿತು. ತುಳಸಿಗೆ ಎರೆದಂತೆ ಅದಕ್ಕೂ ನಿತ್ಯ ಒಂದು ಚೊಂಬು ಎರೆದೆ. ಎಲೆಗಳು ಹಳದಿಗಟ್ಟಿ ಉದುರತೊಡಗಿದವು. ನೀರು ಸಾಲದೆಂದು ಇನ್ನಷ್ಟು ಎರೆದೆ! (ನಿಮ್ಮಲ್ಲಿ ಕೆಲವರಿಗೆ ಪಾಠವನ್ನೂ ಹೀಗೆಯೇ ಉಣಿಸಿರಬಹುದು.) ಕಡೆಗೆ ಬುಡವನ್ನು ಒತ್ತಿದರೆ ಕೊಳೆತ ಬಾಳೆಹಣ್ಣಿನಂತೆ ಮೆತ್ತಗಿತ್ತು.

ಅನಂತರ ಓದಿ ತಿಳಿದೆ: ದಕ್ಷಿಣ ಆಫ್ರಿಕಾ ಮೂಲದ ಈ ಗಿಡ ದಪ್ಪ ಎಲೆಗಳಲ್ಲಿಯೇ ನೀರನ್ನು ಕೂಡಿಡುತ್ತದೆ. ಅದನ್ನು ಉಳಿಸಲು ಹಗಲು ಪತ್ರರಂಧ್ರಗಳನ್ನು ಮುಚ್ಚಿ, ಇರುಳು ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಸಂಗ್ರಹಿಸುತ್ತದೆ. ಪತ್ರರಂಧ್ರಗಳು ಹಗಲು ತೆರೆದು ಇರುಳು ಮುಚ್ಚುತ್ತವೆಂದು, ಯಾವ ಅಪವಾದವನ್ನೂ ಹೇಳದೆ, ಮೂವತ್ತು ವರ್ಷ ಕಲಿಸಿದವನು ನಾನು. ಆ ಟಿಪ್ಪಣಿ ಪುಸ್ತಕ ಇನ್ನೂ ಉಳಿಸಿಕೊಂಡವರಿದ್ದರೆ ದಯವಿಟ್ಟು ತಿದ್ದಿಕೊಳ್ಳಿರಿ.

ಕೊಳೆಯದೆ ಉಳಿದಿದ್ದ ಒಂದು ರೆಂಬೆಯನ್ನು ಕತ್ತರಿಸಿ, ಗಾಯ ಒಣಗಲೆಂದು ಐದು ದಿನ ನೆರಳಿನಲ್ಲಿಟ್ಟು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಮಡದಿ ಮರಳುವಷ್ಟರಲ್ಲಿ ತುದಿಯಲ್ಲಿ ಎರಡು ಎಲೆಗಳು ಚಿಗುರಿದ್ದವು. ಆಕೆ ಏನೂ ಅನ್ನಲಿಲ್ಲ. ಚೊಂಬನ್ನು ಮಾತ್ರ ಎತ್ತಿಕೊಂಡು ಒಳಗೆ ಹೋದಳು.