ನೀರೆಂಬ ಊರುಗೋಲು

ಕಡಲ ತಡಿಯಲ್ಲಿ ಹುಟ್ಟಿದವರಿಗೆ ಈಜು ಹುಟ್ಟಿನೊಡನೆಯೇ ಬರುತ್ತದೆಂದು ಘಟ್ಟದ ಮೇಲಿನವರು ತಿಳಿದಿರುವುದುಂಟು. ಅದು ಅರ್ಧ ಮಾತ್ರ ನಿಜ. ಕರಾವಳಿಯ ಹುಡುಗರು ಈಜು ಕಲಿಯುವುದು ಸಾಮಾನ್ಯವಾಗಿ ಕಡಲಿನಲ್ಲಿ ಅಲ್ಲ. ಮನೆಯ ಹಿಂದಿನ ಕೆರೆಯಲ್ಲಿ, ಗದ್ದೆಯಂಚಿನ ಮದಗದಲ್ಲಿ, ಊರ ಬದಿಯ ಹೊಳೆಯಲ್ಲಿ. ಸಿಪ್ಪೆಯೊಡನೆ ಒಣಗಿದ ಎರಡು ತೆಂಗಿನಕಾಯಿಗಳನ್ನು ಜೋಡಿಸಿ ಎದೆಯಡಿಗೆ ಕಟ್ಟಿ ನೀರಿಗೆ ತಳ್ಳಿದರೆ, ನಾಲ್ಕು ಗುಟುಕು ನೀರು ಕುಡಿಯುವಷ್ಟರಲ್ಲಿ ಕೈಕಾಲುಗಳಿಗೆ ಬುದ್ಧಿ ಬರುತ್ತದೆ. ಹೀಗೆ ಕಲಿತ ವಿದ್ಯೆ ಎಂದಿಗೂ ಮರೆಯದೆಂಬುದು ಲೋಕದ ನಂಬಿಕೆ. ಆದರೆ ಕಲಿತ ಈಜನ್ನು ಮರೆತು, ಮತ್ತೆ ಓನಾಮದಿಂದ ಆರಂಭಿಸಬೇಕಾದವರೂ ಇದ್ದಾರೆ. ಅವರು ಬೆನ್ನೆಲುಬನ್ನು ಬೆಸೆಯಿಸಿಕೊಂಡವರು.

ಕುಂದಾಪುರದ ದಕ್ಷಿಣಕ್ಕೆ, ಕೋಟೇಶ್ವರದ ಮಗ್ಗುಲಲ್ಲಿರುವ ಬೀಜಾಡಿ ಕಡಲಿಗೆ ಮುಖವೊಡ್ಡಿ ಕುಳಿತ ಊರು. ರಾತ್ರಿ ಹೆದ್ದಾರಿಯ ಸದ್ದು ಅಡಗಿದ ಮೇಲೆ ಮನೆಯೊಳಗೆ ಮಲಗಿದವರಿಗೂ ತೆರೆಗಳ ಮೊರೆತ ಕೇಳಿಸುತ್ತದೆ. ಆ ಊರಿನ ಹಿರಿಯರೊಬ್ಬರು ಬೆಂಗಳೂರಿನ ಬ್ಯಾಂಕೊಂದರಲ್ಲಿ ಮೂರು ದಶಕಗಳ ಕಾಲ ದುಡಿದು, ನಿವೃತ್ತರಾಗಿ, ಹಿರಿಯರ ಮನೆಗೆ ಮರಳಿದ್ದರು. ಕೊನೆಯ ಎರಡು ವರ್ಷಗಳಿಂದ ಅವರ ಸೊಂಟದ ನೋವು ತೊಡೆಗಿಳಿದು, ತೊಡೆಯಿಂದ ಹಿಮ್ಮಡಿಗಿಳಿದು, ದೇವಸ್ಥಾನದಲ್ಲಿ ಮಂಗಳಾರತಿ ಮುಗಿಯುವ ತನಕ ನಿಲ್ಲುವುದೂ ಕಷ್ಟವಾಗಿತ್ತು. ಸೊಂಟದ ಭಾಗದ ಒಂದು ಕಶೇರು ತನ್ನ ಕೆಳಗಿನದರ ಮೇಲೆ ಮುಂದಕ್ಕೆ ಜಾರಿ ನರವನ್ನು ಒತ್ತುತ್ತಿದೆಯೆಂದು ವೈದ್ಯರು ಚಿತ್ರ ತೋರಿಸಿ ಹೇಳಿದರು. ನವೆಂಬರಿನ ಮೊದಲ ವಾರದಲ್ಲಿ ಶಸ್ತ್ರಚಿಕಿತ್ಸೆ ಆಯಿತು.

ಈ ಚಿಕಿತ್ಸೆಯ ಹೆಸರು ಕೇಳಿದವರಿಗೆ ಎದೆ ನಡುಗುವುದು ಸಹಜ. ಆದರೆ ಅದರ ತತ್ತ್ವ, ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವಂಥದೇ. ಚಾವಣಿಗೆ ಕಾಂಕ್ರೀಟು ಹಾಕುವಾಗ ಕೆಳಗೆ ಸೆಂಟ್ರಿಂಗ್ ನಿಲ್ಲಿಸುತ್ತಾರಷ್ಟೆ? ಕಶೇರುಗಳೊಳಗೆ ಬಿಗಿದ ತಿರುಪುಗಳೂ ಅವನ್ನು ಜೋಡಿಸುವ ಸರಳುಗಳೂ ಆ ಸೆಂಟ್ರಿಂಗಿನಂತೆ. ನಿಜವಾದ ಗಾರೆಯೆಂದರೆ ನಡುವೆ ಇಡುವ ಎಲುಬಿನ ಚೂರುಗಳು. ಅನೇಕ ವೇಳೆ ಅವನ್ನು ರೋಗಿಯ ಮೈಯಿಂದಲೇ ತೆಗೆದಿರುತ್ತಾರೆ. ಅವು ಬೆಳೆದು ಎರಡು ಕಶೇರುಗಳನ್ನು ಒಂದೇ ಎಲುಬಾಗಿ ಮಾಡಬೇಕು. ಚಾವಣಿಗೆ ಮೂರು ವಾರ ಸಾಕಾದೀತು. ಎಲುಬಿಗೆ ಅನೇಕ ತಿಂಗಳುಗಳು ಬೇಕು, ಕೆಲವರಿಗೆ ಒಂದು ವರ್ಷವೇ ಹಿಡಿಯುವುದುಂಟು. ಧೂಮಪಾನಿಗಳಿಗೆ ಇನ್ನೂ ನಿಧಾನ. 1911ರಲ್ಲಿ ನ್ಯೂಯಾರ್ಕಿನ ಇಬ್ಬರು ಶಸ್ತ್ರವೈದ್ಯರು, ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ, ಬೇರೆ ಬೇರೆಯಾಗಿ ಈ ಬೆಸುಗೆಯನ್ನು ಪ್ರಕಟಪಡಿಸಿದಾಗ ಅವರ ಮುಂದಿದ್ದವರು ಬೆನ್ನೆಲುಬಿನ ಕ್ಷಯದಿಂದ ಗೂನಾಗುತ್ತಿದ್ದ ರೋಗಿಗಳು. ಅಂದು ಹೀಗೆ ಬೆಸೆಯಿಸಿಕೊಂಡವರು ವಾರಗಟ್ಟಲೆ ಹಾಸಿಗೆಯಲ್ಲೇ ಇರಬೇಕಾಗಿತ್ತು. ಇಂದು ಒಂದೆರಡು ದಿನಗಳಲ್ಲೇ ಎಬ್ಬಿಸಿ ನಡೆಸುತ್ತಾರೆ. ಕಾಲ ಬದಲಾಗಿದೆ; ಎಲುಬು ಬೆಳೆಯುವ ವೇಗ ಮಾತ್ರ ಬದಲಾಗಿಲ್ಲ.

ಹಿರಿಯರು ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು ಹತ್ತಿತು. "ಹ್ವಾಯ್, ಬೆನ್ನ್ ಹ್ಯಾಂಗಿತ್ತ್?" ಎಂಬುದು ಎಲ್ಲರ ಪ್ರಶ್ನೆ. ಕುಂದಾಪುರದ ಮಾತಿನಲ್ಲಿ 'ಇತ್ತ್' ಎಂದರೆ 'ಇದೆ' ಎಂದೇ ಅರ್ಥ. ಬೆಂಗಳೂರಿನಿಂದ ಆರೈಕೆಗೆಂದು ಬಂದಿದ್ದ ಸೊಸೆಗೆ ಮಾತ್ರ, ಜನರೆಲ್ಲ ಮಾವನವರ ಬೆನ್ನನ್ನು ಭೂತಕಾಲಕ್ಕೆ ಸೇರಿಸಿ ಮಾತಾಡುತ್ತಿರುವಂತೆ ಕೇಳಿ ಮೊದಲ ದಿನ ಕಸಿವಿಸಿಯಾಯಿತು. ಬಂದವರೆಲ್ಲ ಒಂದೊಂದು ಔಷಧವನ್ನು ಹೇಳಿಯೇ ಎದ್ದರು. ಒಬ್ಬರದು ಎಣ್ಣೆ, ಒಬ್ಬರದು ಕಷಾಯ, ಹೆಚ್ಚಿನವರದು ನೀರು. ಕಡಲಿನ ಉಪ್ಪುನೀರಿನಲ್ಲಿ ನಾಲ್ಕು ದಿನ ಮುಳುಗಿ ಎದ್ದರೆ ಬೆನ್ನು ಕಬ್ಬಿಣವಾಗುತ್ತದೆಂದು ಅವರ ಅಭಿಮತ. ಬೆನ್ನೊಳಗೆ ಆಗಲೇ ಲೋಹವಿರುವುದು ಅವರಿಗೆ ನೆನಪಿರಲಿಲ್ಲ.

ಸೊಸೆ ಹಿಂತಿರುಗುವ ಮುನ್ನ ಒಂದು ಕಾಗದದಲ್ಲಿ ದಪ್ಪಕ್ಷರಗಳಿಂದ ಬರೆದು ಗೋಡೆಗೆ ಅಂಟಿಸಿದಳು: ಬಗ್ಗಬಾರದು, ಭಾರ ಎತ್ತಬಾರದು, ಮೈ ತಿರುಚಬಾರದು. ನಾಲ್ಕನೆಯದು, ಅಪ್ಪಣೆಯಾಗುವ ತನಕ ನೀರಿನಲ್ಲಿ ಮುಳುಗಬಾರದು. ಮೊದಲ ಮೂರನ್ನು ಹಿರಿಯರು ಒಪ್ಪಿದರು. ನಾಲ್ಕನೆಯದು ಅವರಿಗೆ ನುಂಗಲಾರದ ತುತ್ತಾಯಿತು. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೊಡಿ ಹಬ್ಬ. ಹೊಸದಾಗಿ ಮದುವೆಯಾದವರು ಕೋಟಿತೀರ್ಥದಲ್ಲಿ ಮಿಂದು ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುವ ದಿನ ಅದು. ಬೆಂಗಳೂರಿನಲ್ಲಿದ್ದಾಗಲೂ ರಜೆ ಹಾಕಿ ಬಂದು ಆ ಪುಷ್ಕರಣಿಯಲ್ಲಿ ಮುಳುಗುತ್ತಿದ್ದವರು ಈ ಸಲ ಜಗಲಿಯಲ್ಲೇ ಕುಳಿತರು. ಹೊಲಿಗೆಯ ಗಾಯ ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರಬಹುದು. ಕೆರೆಯ ನೀರಿನ ಸೂಕ್ಷ್ಮಜೀವಿಗಳು ಒಮ್ಮೆ ಲೋಹದ ತನಕ ತಲುಪಿದರೆ ಅವನ್ನು ಹೊರಹಾಕುವುದು ಬಹಳ ಕಷ್ಟ. ಹೆಂಡತಿ ಹೆಚ್ಚು ವಾದಿಸಲಿಲ್ಲ. "ತೀರ್ಥ ಎಲ್ಲಿಗೂ ಓಡಿ ಹೋಪುದಿಲ್ಲ, ನಿಮ್ಗೆ ಎಂತ ಅವಸ್ರ ಮಾರಾಯ್ರೆ?" ಎಂದು ಕೇಳಿ ಬಿಸಿನೀರಿನಲ್ಲಿ ಒರಸುಬಟ್ಟೆ ಅದ್ದಿಕೊಟ್ಟರು.

ಹಾಗಾದರೆ ನೀರು ಬೆನ್ನಿಗೆ ವೈರಿಯೇ? ಅಲ್ಲ. ಬಾವಿಯಿಂದ ನೀರು ಸೇದಿದವರಿಗೆ ಇದು ಅನುಭವದಿಂದಲೇ ಗೊತ್ತು. ಕೊಡಪಾನ ನೀರಿನೊಳಗಿರುವ ತನಕ ಹಗ್ಗ ಹಗುರ. ಅದರ ಬಾಯಿ ನೀರಿನಿಂದ ಮೇಲೆದ್ದೊಡನೆಯೇ ಅಂಗೈ ಉರಿಯುತ್ತದೆ. ಒಳಗಿದ್ದಷ್ಟು ಹೊತ್ತು ನೀರೇ ನೀರನ್ನು ಹೊರುತ್ತಿತ್ತು. ಮನುಷ್ಯನ ಮೈಗೂ ಇದೇ ಲೆಕ್ಕ. 60 ಕಿಲೋ ತೂಕದವನು ಸೊಂಟಮಟ್ಟದ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವುದು ಸುಮಾರು 30 ಕಿಲೋ. ಎದೆಮಟ್ಟಕ್ಕೆ ಹೋದರೆ ಸುಮಾರು 20. ಕುತ್ತಿಗೆಮಟ್ಟದಲ್ಲಿ ಆರೇಳು ಕಿಲೋ ಮಾತ್ರ. ಮಗುವೊಂದರ ತೂಕವನ್ನಷ್ಟೇ ಹೊತ್ತು ನಡೆಯುವ ಈ ಅವಕಾಶ ನೆಲದ ಮೇಲೆ ಯಾವ ಅರಸನಿಗೂ ಸಿಕ್ಕದು. ಅದರ ಮೇಲೆ, ನೀರು ಎಲ್ಲ ಕಡೆಯಿಂದಲೂ ಸಮನಾಗಿ ಮೈಯನ್ನು ಒತ್ತಿ ಹಿಡಿದಿರುವುದರಿಂದ, ಬಿದ್ದೇನೆಂಬ ಭಯ ತಗ್ಗುತ್ತದೆ. ಮೆಲ್ಲಗೆ ಕೈಯಾಡಿಸಿದರೆ ಮೆಲ್ಲಗೆ ತಡೆಯುತ್ತದೆ; ಜೋರಾಗಿ ಆಡಿಸಿದರೆ ಜೋರಾಗಿ ತಡೆಯುತ್ತದೆ. ಇಂಥ ನ್ಯಾಯವಂತನಾದ ಗರಡಿಯ ಗುರು ಬೇರೊಬ್ಬನಿಲ್ಲ.

ಈ ಗುರುವನ್ನು ಚಿಕಿತ್ಸಾಲಯಕ್ಕೆ ಕರೆತಂದವರ ಕಥೆಯೂ ಸ್ವಾರಸ್ಯವಾಗಿದೆ. 1924ರಲ್ಲಿ ಲಾಸ್ ಏಂಜಲಿಸ್ಸಿನ ಮೂಳೆರೋಗಗಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಲೋಮನ್ ಎಂಬ ವೈದ್ಯರು ಅಂಗಳದ ನೈದಿಲೆಕೊಳವನ್ನೇ ವ್ಯಾಯಾಮದ ಕೊಳವಾಗಿ ಮಾರ್ಪಡಿಸಿದರು. ಅದೇ ವರ್ಷ, ಪೋಲಿಯೋದಿಂದ ಕಾಲುಗಳ ಬಲ ಕಳೆದುಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರ್ಜಿಯಾ ಪ್ರಾಂತದ ಬಿಸಿನೀರಿನ ಚಿಲುಮೆಗಳಿಗೆ ಹೋದರು. ನೀರಿನಲ್ಲಿ ನಿಲ್ಲಬಲ್ಲೆನೆಂಬುದನ್ನು ಕಂಡು, 1926ರಲ್ಲಿ ಆ ಜಾಗವನ್ನೇ ಕೊಂಡರು. ನೀರು ಅವರ ಕಾಲುಗಳನ್ನು ಮರಳಿ ಕೊಡಲಿಲ್ಲ. ಆದರೆ ಮುಂದೆ ಅಮೆರಿಕದ ಅಧ್ಯಕ್ಷರಾದ ಮೇಲೂ ಅವರು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. 1949ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಮೆಕ್‌ಮಿಲನ್ ಎಂಬವರು ಅಂಗವಿಕಲ ಬಾಲಕಿಯರ ಹ್ಯಾಲಿವಿಕ್ ಶಾಲೆಯಲ್ಲಿ ಈಜು ಕಲಿಸುತ್ತ, ಮೊದಲು ನೀರಿನಲ್ಲಿ ಸಮತೋಲ, ಆಮೇಲೆ ಈಜು ಎಂಬ ಪಾಠಕ್ರಮವನ್ನು ರೂಪಿಸಿದರು. ನೀರಿನ ಚಿಕಿತ್ಸೆಯಲ್ಲಿ ಈಜು ಕೊನೆಯ ಪಾಠ. ಮೊದಲ ಪಾಠ ನಿಲ್ಲುವುದು.

ಬೀಜಾಡಿಯ ಹಿರಿಯರಿಗೆ ನೀರಿಗಿಳಿಯಲು ಅಪ್ಪಣೆ ಸಿಕ್ಕಿದ್ದು ಮೂರು ತಿಂಗಳಾದ ಮೇಲೆ, ಫೆಬ್ರವರಿಯಲ್ಲಿ. ಕೆಲವು ವೈದ್ಯರು ಗಾಯ ಪೂರ್ತಿ ಮಾಗಿದೊಡನೆ ನೀರಿನ ನಡಿಗೆಗೆ ಬಿಡುವುದುಂಟು, ಕೆಲವರು ಇನ್ನೂ ಕಾಯಿಸುವುದುಂಟು. ಎಷ್ಟು ಕಶೇರುಗಳನ್ನು ಬೆಸೆದಿದೆ, ಎಲುಬು ಎಷ್ಟು ಗಟ್ಟಿ ಎಂಬುದು ಅವರವರ ಚಿತ್ರದಲ್ಲಿ ಕಾಣುವ ಮಾತು. ಪಕ್ಕದ ಮನೆಯವರ ಲೆಕ್ಕ ಇಲ್ಲಿ ನಡೆಯದು. ಕೊಳವಿದ್ದದ್ದು ಮಣಿಪಾಲದ ಕಡೆ, ಊರಿನಿಂದ 30 ಚಿಲ್ಲರೆ ಕಿಲೋಮೀಟರ್ ದೂರದಲ್ಲಿ. ಕಾರಿನಲ್ಲಿ ಹೋಗುವಾಗ ಅವರು ಮನಸ್ಸಿನಲ್ಲೇ ಎರಡು ಕೆರೆ ದಾಟಿದ್ದರು. ತಲುಪಿ ನೋಡಿದರೆ ಎದೆಮಟ್ಟದ ನೀರು, ಉಗುರುಬೆಚ್ಚಗೆ, 33-34 ಡಿಗ್ರಿ. ಒಳಗೆ ಮಂಡಿನೋವಿನ ಒಬ್ಬ ಅಜ್ಜಿ, ಕಾಲಿಗೆ ಪೆಟ್ಟಾದ ಒಬ್ಬ ಹುಡುಗ. ಕಲಿಸುವಾಕೆ ಮೊಮ್ಮಗಳ ವಯಸ್ಸಿನ ಹುಡುಗಿ. "ಸರ್, ಇವತ್ತು ನಡೆಯುವುದು ಮಾತ್ರ" ಎಂದಳು.

ಹೊಳೆ ಈಜಿದವರು ಕೊಳದಲ್ಲಿ ಕಂಬಿ ಹಿಡಿದು ನಡೆದರು. ಮುಂದಕ್ಕೆ ಹತ್ತು ಹೆಜ್ಜೆ, ಹಿಂದಕ್ಕೆ ಹತ್ತು, ಪಕ್ಕಕ್ಕೆ ಏಡಿಯಂತೆ ಹತ್ತು. ಹೊಟ್ಟೆಯ ಸ್ನಾಯುಗಳನ್ನು ಮೆಲ್ಲಗೆ ಒಳಸೆಳೆದು, ಬೆನ್ನು ನೇರವಿರಿಸಿ, ಉಸಿರು ಕಟ್ಟದೆ ನಡೆಯಬೇಕು. ಹದಿನೈದು ನಿಮಿಷಗಳ ಬಳಿಕ ಸಾಕೆಂದಳು. ನಾಚಿಕೆಯಿಂದ ಅವರ ಮುಖ ಕುಂದಿತ್ತು. ಆದರೆ ಮೆಟ್ಟಿಲೇರಿ ಹೊರಬಂದಾಗ ಮೈಯ ತೂಕವೆಲ್ಲ ಒಮ್ಮೆಗೇ ಮರಳಿ, ಕಾಲು ನಡುಗಿ, ಬಾವಿಯ ಕೊಡಪಾನದ ಗತಿಯೇ ತನ್ನದೂ ಆಯಿತೆಂದು ಅವರಿಗೆ ಹೊಳೆಯಿತು. ಆ ಹುಡುಗಿ ನಡೆಯುವುದು ಮಾತ್ರ ಎಂದದ್ದೇಕೆಂದು ಅಲ್ಲಿ ಅರ್ಥವಾಯಿತು. ಆ ರಾತ್ರಿ ಅವರು ಮಗ್ಗುಲು ಬದಲಿಸಲು ಯಾರನ್ನೂ ಕರೆಯದೆ ನಿದ್ದೆಮಾಡಿದರು. ಹೆಂಡತಿ ಎರಡು ಸಲ ಎದ್ದು ಉಸಿರು ನೋಡಿ ಮಲಗಿದರಂತೆ.

ಈಜಿನ ಪಾಠಕ್ಕೆ ಬಂದಾಗ ನಿಜವಾದ ಜಗಳ ಆರಂಭವಾಯಿತು. ಕೆರೆಯಲ್ಲಿ ಕಲಿತವರು ಸಾಮಾನ್ಯವಾಗಿ ತಲೆಯನ್ನು ನೀರಿನ ಮೇಲೆತ್ತಿ, ಎದೆಯಿಂದ ನೀರನ್ನು ಸೀಳಿ ಈಜುತ್ತಾರೆ. ನೋಡಲು ಗಂಭೀರ, ಬೆಸುಗೆಯ ಬೆನ್ನಿಗೆ ಮಾತ್ರ ಕಷ್ಟ. ತಲೆ ಮೇಲೆದ್ದಷ್ಟೂ ಸೊಂಟ ಕೆಳಗೆ ಬಾಗಿ ಬಿಲ್ಲಾಗುತ್ತದೆ. ಕಪ್ಪೆಯಂತೆ ಈಜಿದರೂ ಇದೇ ಗತಿ. ಕೈಯನ್ನು ಒಂದಾದ ಮೇಲೊಂದು ಬೀಸಿ ಹೋಗುವ ಈಜಿನಲ್ಲಿ ಉಸಿರಿಗಾಗಿ ಮೈ ತಿರುಚಬೇಕಾಗುತ್ತದೆ. ಚಿಟ್ಟೆ ಈಜಿನ ಹೆಸರೆತ್ತುವುದೇ ಬೇಡ. ದಡದಿಂದ ಧುಮುಕುವುದಂತೂ ಸರ್ವಥಾ ಸಲ್ಲದು. ಮತ್ತೊಂದು ವಿಷಯ: ಬೆಸೆದ ಕಶೇರುಗಳು ಬಾಗವು, ಆದ್ದರಿಂದ ಬಾಗುವ ಕೆಲಸವೆಲ್ಲ ಅವುಗಳ ಮೇಲಿನ ಮತ್ತು ಕೆಳಗಿನ ಕಶೇರುಗಳ ಪಾಲಿಗೆ ಬೀಳುತ್ತದೆ. ಒಟ್ಟು ಕುಟುಂಬದಲ್ಲಿ ಒಬ್ಬನು ಸುಮ್ಮನೆ ಕುಳಿತರೆ ಪಕ್ಕದವರು ದುಡಿದು ಸವೆಯುವಂತೆ. ಉಳಿಯುವುದು ಅಂಗಾತ ತೇಲುವ ಈಜು. ಅದರಲ್ಲಿ ಬೆನ್ನು ನೇರ, ಉಸಿರು ಸಲೀಸು, ಮುಖ ಆಕಾಶಕ್ಕೆ. ಹಿರಿಯರು ಹುಡುಗರಾಗಿದ್ದಾಗ ಅದನ್ನು ಕೈಲಾಗದವರ ಈಜೆಂದು ನಕ್ಕಿದ್ದರು. ಈಗ ಅದನ್ನು ಕಲಿಯಲು ಅವರಿಗೆ ಆರು ವಾರ ಬೇಕಾಯಿತು.

ಬೆನ್ನಿನ ದೋಷದಿಂದ ನೀರಿಗೆ ಬಂದು ನೀರಿನಲ್ಲೇ ಹೆಸರು ಪಡೆದವರೂ ನಮ್ಮಲ್ಲಿದ್ದಾರೆ. ಬೆಂಗಳೂರಿನ ನಿರಂಜನ್ ಮುಕುಂದನ್ ಹುಟ್ಟಿನಿಂದಲೇ ಬೆನ್ನುಹುರಿಯ ದೋಷವುಳ್ಳವರು. ಅನೇಕ ಶಸ್ತ್ರಚಿಕಿತ್ಸೆಗಳನ್ನು ಕಂಡವರು. ವೈದ್ಯರು ಚಿಕಿತ್ಸೆಯೆಂದು ಬಾಲಕನಾಗಿದ್ದಾಗ ನೀರಿಗಿಳಿಸಿದರು. ಅದು ಕ್ರೀಡೆಯಾಗಿ ಬೆಳೆದು, 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ ಅವರು ಭಾರತದ ಪರವಾಗಿ ಈಜಿದರು. ಅವರ ದೋಷ ಬೇರೆ, ಬೆಸುಗೆಯ ರೋಗಿಯ ಸ್ಥಿತಿ ಬೇರೆ. ಆದರೂ ನೀರು ಮೊದಲು ಆಸರೆಯಾಗಿ, ಆಮೇಲೆ ಶಕ್ತಿಯಾಗುವ ಕ್ರಮ ಒಂದೇ.

ಎಲ್ಲರಿಗೂ ಬೆಚ್ಚನೆಯ ಕೊಳ ಸಿಕ್ಕಲಾರದು. ಸಿಕ್ಕಿದರೂ ಹೋಗಿಬರುವ ಖರ್ಚು ಎಲ್ಲರಿಗೂ ನಿಭಾಯಿಸದು. ಅವರು ಎದೆಗುಂದಬೇಕಾಗಿಲ್ಲ. ಬೆನ್ನು ಬೆಸೆಯಿಸಿಕೊಂಡವರಿಗೆ ಮುಖ್ಯವಾದ ಮದ್ದು ನೆಲದ ಮೇಲಿನ ನಡಿಗೆ. ಅದಕ್ಕೆ ಕಾಸು ಬೇಡ. ಅಂಗಳದಲ್ಲಿ ನಾಲ್ಕು ಸುತ್ತಿನಿಂದ ಆರಂಭಿಸಿ ದಿನದಿನಕ್ಕೆ ಬೆಳೆಸಿದರಾಯಿತು. ಕಡಲತಡಿಯವರು ಮಾತ್ರ ಒಂದನ್ನು ಗಮನಿಸಬೇಕು: ಒಣಮರಳು ಕಾಲನ್ನು ಎಳೆಯುತ್ತದೆ, ಇಳಿಜಾರು ದಂಡೆ ಸೊಂಟವನ್ನು ವಾಲಿಸುತ್ತದೆ, ಇಳಿತದ ಹೊತ್ತಿನ ಒದ್ದೆಮರಳಿನ ಸಮತಟ್ಟೇ ಸುರಕ್ಷಿತ. ನೀರಿನಲ್ಲಾಗಲಿ ನೆಲದಲ್ಲಾಗಲಿ ಕಾಲಿಗೆ ಹೊಸದಾಗಿ ಜೋಮು ಹಿಡಿದರೆ, ಬಲ ಕುಂದಿದರೆ, ಗಾಯ ಒಸರಿದರೆ, ಜ್ವರ ಬಂದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನಾಳೆ ನೋಡೋಣವೆನ್ನದೆ ಆಗಲೇ ವೈದ್ಯರನ್ನು ಕಾಣಬೇಕು.

ಏಪ್ರಿಲಿನಲ್ಲಿ ಶಾಲೆಗೆ ರಜೆಯಾಗಿ ಮೊಮ್ಮಗ ಬೆಂಗಳೂರಿನಿಂದ ಬಂದ. ಅಜ್ಜ ಕಡಲಿಗಿಳಿದು ತೆರೆ ಹಾರಿಸುವರೆಂಬ ಆಸೆ ಅವನದು. ಅಜ್ಜನದೂ ಅದೇ ಎಂಬುದು ಅಜ್ಜಿಗೆ ತಿಳಿಯದ್ದೇನಲ್ಲ. ಅಪ್ಪಳಿಸಿ ಬರುವ ತೆರೆಗೆ ಬೆಸುಗೆಯ ಲೆಕ್ಕ ಗೊತ್ತಿಲ್ಲ. ಒಮ್ಮೆ ಬೀಳಿಸಿ ತಿರುಚಿದರೆ ತಿಂಗಳುಗಳ ಬೆಳೆ ಹಾಳು. ಗೋಡೆಯ ಕಾಗದದ ನಾಲ್ಕನೆಯ ಸಾಲನ್ನು ಹಿರಿಯರೇ ತಿದ್ದಿದರು: 'ನೀರಿನಲ್ಲಿ' ಎಂಬುದನ್ನು ಹೊಡೆದು 'ಕಡಲಿನಲ್ಲಿ' ಎಂದು ಬರೆದರು. ಹುಡುಗನನ್ನು ಕೊಳಕ್ಕೆ ಕರೆದುಕೊಂಡು ಹೋಗಿ ಅಂಗಾತ ತೇಲುವುದನ್ನು ಕಲಿಸಿದರು. ಆರು ವಾರ ಕಷ್ಟಪಟ್ಟದ್ದು ಅವನಿಗೆ ಎರಡೇ ದಿನಗಳಲ್ಲಿ ಬಂತು.

ಜೂನ್ ಒಂದರಿಂದ ಜುಲೈ ಕೊನೆಯ ತನಕ, 61 ದಿನ, ಈ ಕರಾವಳಿಯ ಯಾಂತ್ರಿಕ ದೋಣಿಗಳೂ ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಬೆಳೆಯಲೆಂದು ಬಲಾಢ್ಯರಾದ ಬೆಸ್ತರೇ ದಡದಲ್ಲಿ ಕುಳಿತು ಬಲೆ ಹೆಣೆಯುತ್ತಾರೆ. ಅದನ್ನು ಯಾರೂ ಸೋಲೆನ್ನುವುದಿಲ್ಲ. ಎಲುಬು ಬೆಳೆಯುವ ಕಾಲವೂ ಅಂಥದೇ ಒಂದು ಮಳೆಗಾಲ. ನೀರು ಬೆನ್ನಿನ ಭಾರವನ್ನು ತಗ್ಗಿಸೀತು, ಭಯವನ್ನು ತಗ್ಗಿಸೀತು. ಕಾಯಬೇಕಾದ ದಿನಗಳನ್ನು ಮಾತ್ರ ಅದು ತಗ್ಗಿಸದು. ಅಷ್ಟನ್ನು ರೋಗಿಯೂ ಮನೆಯವರೂ ಸೇರಿ ಹೊರಬೇಕು.