ಎಣ್ಣಿ ಬಿಡುವ ಹೊತ್ತು

ನಮ್ಮ ಆಯಿ ಶೇಂಗಾ ಹಿಂಡಿಯ ಹದವನ್ನು ಕಿವಿಯಿಂದ ನೋಡುತ್ತಿದ್ದಳು. ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಅಡುಗೆಮನೆಯ ಮೂಲೆಯ ಒಳಕಲ್ಲಿನಲ್ಲಿ ಅವ್ವ ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಗಿ, ಕೆಂಪು ಖಾರ, ಉಪ್ಪು ಹಾಕಿ ಕುಟ್ಟುತ್ತಿದ್ದರೆ, ಆಯಿ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿರುತ್ತಿದ್ದಳು. ಮೊದಮೊದಲು ಒಣ ಸಪ್ಪಳ. ಬರಬರುತ್ತ ಒನಕೆಯ ಪೆಟ್ಟು ಮೆತ್ತಗಾಗಿ, ತುದಿಗೆ ಏನೋ ಹತ್ತಿಕೊಂಡ ಹಾಗೆ ಕೇಳತೊಡಗಿದ ಕೂಡಲೇ ಒಳಗೆ ಕೂಗು ಬರುತ್ತಿತ್ತು: “ಸಾಕ್ ಮಾಡವಾ, ಎಣ್ಣಿ ಬಿಡಾಕತ್ತೇತಿ!”

ಹಿಂಡಿ ಅಂದರೆ ಹಾಗೇ ಇರಬೇಕು. ಬೆರಳಲ್ಲಿ ಒತ್ತಿದರೆ ಕೂಡಬೇಕು, ಬಿಟ್ಟರೆ ಉದುರಬೇಕು. ಇನ್ನೂ ನಾಕು ಪೆಟ್ಟು ಹೆಚ್ಚು ಬಿದ್ದರೆ ಮುದ್ದೆಯಾಗುತ್ತದೆ. ರೊಟ್ಟಿಯ ಮೇಲೆ ಹಾಕಿ ಮೊಸರು ಕಲಸಿದರೆ ಆ ರುಚಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ಕೆಟ್ಟ ಹಿಂಡಿ’ ಅಂತಲೇ ಹೆಸರು.

ಈಗ ಧಾರವಾಡದ ಸಪ್ತಾಪುರದ ನನ್ನ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಮಿಕ್ಸರ್ ಮುಂದೆ ನಿಂತು ಆಯಿ ಬೇಡವೆಂದ ಆ ನಾಕು ಪೆಟ್ಟುಗಳಿಗಾಗಿ ಕಾಯುತ್ತೇನೆ. ಖಾರ, ಬೆಳ್ಳುಳ್ಳಿ ಇಲ್ಲದ ಬರೀ ಶೇಂಗಾ. ಎಣ್ಣಿ ಬಿಟ್ಟು, ಮುದ್ದೆಯಾಗಿ, ಮುದ್ದೆಯೂ ಕರಗಿ ಹರಿಯುವ ಹದಕ್ಕೆ ಬಂದರೆ ಅದೇ ಪೀನಟ್ ಬಟರ್.

ಇದಕ್ಕೆ ಕಾರಣ ನಮ್ಮ ಮೇಲಿನ ಕೋಣೆಯ ಹುಡುಗರು. ಸಪ್ತಾಪುರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಉತ್ತರ ಕರ್ನಾಟಕದ ಯಾವ ಊರಿನ ಹುಡುಗನಾದರೂ ಪಿಎಸ್‌ಐ, ಕೆಎಎಸ್, ಎಫ್‌ಡಿಎ ಅಂತ ಮನಸ್ಸು ಮಾಡಿದರೆ ಒಂದು ಟ್ರಂಕು, ಒಂದು ಚಾಪೆ ಹೊತ್ತು ಇಲ್ಲಿಗೇ ಬರುತ್ತಾನೆ. ಬೆಳಿಗ್ಗೆ ಐದಕ್ಕೆ ಎದ್ದು ಮೈದಾನದಲ್ಲಿ ಓಡಿ, ಬಂದು ಸ್ನಾನ ಮಾಡಿ, ಅರ್ಧ ಪ್ಲೇಟ್ ಉಪ್ಪಿಟ್ಟು ತಿಂದು ಲೈಬ್ರರಿಗೆ ಹೋದರೆ ಮುಂದಿನ ಊಟ ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ಒಂದು ದಿನ ಅವರಲ್ಲೊಬ್ಬ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಏನು ತಮ್ಮಾ ಅದು ಅಂದೆ. “ಪ್ರೋಟೀನ್ ಪೌಡರ್ರಿ ಆಂಟೀ, ಫಿಸಿಕಲ್ ಐತಲ್ರಿ ಮುಂದಿನ ತಿಂಗಳ” ಅಂದ. ಬೆಲೆ ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವರಪ್ಪ ಮೂರೆಕರೆ ಒಣಬೇಸಾಯದಲ್ಲಿ ಶೇಂಗಾ ಬೆಳೆಯುವ ರೈತ. ಶೇಂಗಾ ಚೀಲ ಮಾರಿದ ದುಡ್ಡಿನಲ್ಲಿ ಮಗ ಶಕ್ತಿಯ ಡಬ್ಬಿ ಕೊಳ್ಳುತ್ತಿದ್ದಾನೆ. ಆ ಚೀಲದೊಳಗೇ ಇದ್ದದ್ದು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ನೂರು ಗ್ರಾಂ ಶೇಂಗಾಕಾಳಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ. ಗರಡಿಮನೆಯ ಪೈಲ್ವಾನರು ಬದಾಮಿ ತೇಯ್ದ ಹಾಲು ಕುಡಿಯುತ್ತಿದ್ದ ಊರುಗಳಲ್ಲಿ ಶೇಂಗಾಕ್ಕೆ ‘ಬಡವರ ಬದಾಮಿ’ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ನನ್ನ ತವರು ಲಕ್ಷ್ಮೇಶ್ವರದ ಕಡೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವ ತನಕ ನಾವೂ ಧಾರವಾಡ ಜಿಲ್ಲೆಯವರೇ. ಶೇಂಗಾ ಗಿಡದ ಹೂವು ಮೇಲೆ ಅರಳುತ್ತದೆ, ಕಾಯಿ ಮಾತ್ರ ಮಣ್ಣೊಳಗೆ. ಹೂ ಬಾಡಿದ ಮೇಲೆ ಸೂಜಿಯಂಥ ಒಂದು ಎಳೆ ಕೆಳಗೆ ಬಾಗಿ ನೆಲ ಹೊಕ್ಕು ಅಲ್ಲಿ ಕಾಯಿ ಕಟ್ಟುತ್ತದೆ. ಸುಗ್ಗಿಯಲ್ಲಿ ಗಿಡ ಕಿತ್ತು ಮಣ್ಣು ಕೊಡವಿದಾಗ ಗೊಂಚಲು ಗೊಂಚಲಾಗಿ ಜೋತಾಡುವ ಹಸಿ ಶೇಂಗಾದ ವಾಸನೆ ನನಗೆ ಇವತ್ತಿಗೂ ಮೂಗಿನಲ್ಲಿದೆ. ನಮ್ಮ ಕಾಕಾ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯನ್ನು ಬಹಳ ನೆಚ್ಚಿಕೊಂಡಿದ್ದರು. ತುಕ್ಕು ರೋಗ, ಎಲೆಚುಕ್ಕೆ ಎರಡನ್ನೂ ತಾಳಿಕೊಳ್ಳುವ ತಳಿ ಅದು. ಎಲೆ ಉದುರದೆ ಉಳಿದರೆ ದನಕ್ಕೆ ಹೊಟ್ಟೂ ಚಲೋ ಸಿಗುತ್ತದೆ ಅನ್ನುವುದು ಅವರ ಲೆಕ್ಕ.

ಹೆಸರಿನದೂ ಒಂದು ಮಾತಿದೆ. ಬೆಂಗಳೂರಿನವರು ಬಸವನಗುಡಿಯಲ್ಲಿ ಪರಿಷೆ ನೆರೆಸುವುದು ಕಡಲೆಕಾಯಿಗೆ. ನಮ್ಮಲ್ಲಿ ಕಡಲಿ ಅಂದರೆ ಹಿಂಗಾರಿಯ ಕಪ್ಪು ನೆಲದ ಕಡಲಿಯೇ. ಮದುವೆಯಾಗಿ ಮೈಸೂರಿನಿಂದ ಬಂದ ನಮ್ಮ ನೆಗೆಣ್ಣಿ ಮೊದಲ ವಾರ ಅಂಗಡಿಯಲ್ಲಿ ಕಡಲೆಬೀಜ ಕೇಳಿ ಕಡಲೆಕಾಳು ತಂದಿದ್ದಳು. ಶೇಂಗಾ ನಮಗೆ ಮರಾಠಿಯ ನೆರೆಯಿಂದ ಬಂದ ಶಬ್ದ. ಬೆಳೆಯಂತೂ ಇನ್ನೂ ದೂರದ್ದು, ದಕ್ಷಿಣ ಅಮೆರಿಕದ್ದು. ಅಷ್ಟು ದೂರದಿಂದ ಬಂದದ್ದು ನಮ್ಮ ಪಂಚಮಿಯ ಉಂಡಿಯಾಗಿ, ಯುಗಾದಿಯ ಹೋಳಿಗೆಯಾಗಿ, ದಿನದ ಹಿಂಡಿಯಾಗಿ ಮನೆಮಗಳಾಯಿತು. ಅದನ್ನು ಬೆಣ್ಣೆಯ ಹದಕ್ಕೆ ಅರೆಯುವ ಕ್ರಮಕ್ಕೆ ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲಿ ಪೇಟೆಂಟ್ ಪಡೆದ. 1895ರಲ್ಲಿ ಅಮೆರಿಕದ ಡಾಕ್ಟರ್ ಕೆಲ್ಲಾಗ್ ಅಂಥದೇ ಒಂದಕ್ಕೆ ಅರ್ಜಿ ಹಾಕಿದ. ನಮ್ಮ ಆಯಿಗೆ ಆ ಹದ ಗೊತ್ತಿತ್ತು, ಬೇಕಾಗಿರಲಿಲ್ಲ ಅಷ್ಟೇ.

ಈ ಬೆಣ್ಣೆಯ ಜೊತೆ ನಾನು ಸ್ಮೂದಿಗೆ ಹಾಕುವ ಓಟ್ಸ್ ಮಾತ್ರ ಈಗಲೂ ಹೊರಗಿನದೇ ಅನಿಸುತ್ತದೆ. ನಿಘಂಟಿನಲ್ಲಿ ತೋಕೆಗೋಧಿ ಎಂಬ ಚೆಂದದ ಹೆಸರಿದೆ, ಅಂಗಡಿಯಲ್ಲಿ ಹಾಗೆ ಕೇಳುವವರಿಲ್ಲ. ಆದರೆ ಧಾರವಾಡದ ಮಣ್ಣಿಗೆ ಅದು ಅಪರಿಚಿತವಲ್ಲ. ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ ಇಲ್ಲೇ ಇದೆ. ಓಟ್ಸ್ ಅವರಿಗೆ ಚಳಿಗಾಲದ ಹಸಿಮೇವು. ಎಮ್ಮೆ ತಿಂದು ಹಾಲಾಗಿ ಬರುವುದು ಒಂದು ದಾರಿ, ನಾವೇ ಹಾಲಿನಲ್ಲಿ ನೆನೆಸಿ ಕುಡಿಯುವುದು ಇನ್ನೊಂದು. ಧಾನ್ಯವನ್ನು ಕುಡಿಯುವುದು ನಮಗೇನೂ ಹೊಸದಲ್ಲ. ಅಂಬಲಿ ಕುಡಿದು ಹೊಲಕ್ಕೆ ಹೋದವರ ಮೊಮ್ಮಕ್ಕಳು ನಾವು.

ಪೌಡರ್ ಡಬ್ಬಿ ತಂದಿದ್ದ ಆ ಹುಡುಗನನ್ನು ಮರುದಿನ ಕೆಳಗೆ ಕರೆದೆ. ಅಂದಿನಿಂದ ಮಾಡುತ್ತಿರುವ ಕ್ರಮ ಇದು.

ಅರ್ಧ ಕಿಲೋ ಶೇಂಗಾಕಾಳನ್ನು ಮೊದಲು ಮೊರದಲ್ಲಿ ಹರವಿ ಆರಿಸಬೇಕು. ಸುಕ್ಕಾದದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಒಂದೂ ಒಳಗೆ ಹೋಗಬಾರದು. ಆ ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಕಾಳು ತರಬೇಡಿ. ಆಮೇಲೆ ದಪ್ಪ ಬಾಣಲಿಯಲ್ಲಿ ಸಣ್ಣ ಉರಿಯ ಮೇಲೆ ಕಾಲು ತಾಸು ಕೈಬಿಡದೆ ಹುರಿಯಬೇಕು. ಅಲ್ಲೊಂದು ಇಲ್ಲೊಂದು ಚಟ್ ಅನ್ನತೊಡಗಿದಾಗ ಒಂದು ಕಾಳು ತೆಗೆದು ಉಜ್ಜಿ ನೋಡಿ. ಸಿಪ್ಪೆ ಕಳಚಿ ಒಳಗೆ ತಿಳಿಗೆಂಪು ಕಂಡರೆ ಇಳಿಸಿ. ಆರಿದ ಮೇಲೆ ಸಿಪ್ಪೆ ಕೇರಿ ಮಿಕ್ಸರಿಗೆ. ಒಂದು ಹನಿ ನೀರೂ ಸೋಕಬಾರದು.

ಮೊದಲ ನಿಮಿಷದಲ್ಲಿ ಪುಡಿ. ಇದು ಹಿಂಡಿಯ ಹಂತ, ಆಯಿ ನಿಲ್ಲಿಸುತ್ತಿದ್ದ ಜಾಗ. ಮುಂದೆ ಪುಡಿ ಜಾರಿನ ಗೋಡೆಗೆ ಮೆತ್ತಿಕೊಂಡು ಬ್ಲೇಡು ಬರಿದೇ ತಿರುಗುತ್ತದೆ. ಬಹಳ ಜನ ಇಲ್ಲಿಯೇ ಕೈಚೆಲ್ಲಿ ಎಣ್ಣೆ ಸುರಿಯುತ್ತಾರೆ. ಸುರಿಯಬೇಡಿ. ಮಿಕ್ಸರ್ ನಿಲ್ಲಿಸಿ, ಮೋಟಾರು ತಣ್ಣಗಾಗಲಿ, ಚಮಚದಿಂದ ಕೆರೆದು ಮತ್ತೆ ತಿರುವಿ. ಕಾಳಿನ ಕಣಕಣದಲ್ಲೂ ಅಡಗಿರುವ ಎಣ್ಣೆ ಆ ಕಣಗಳು ಒಡೆದಂತೆಲ್ಲ ತಾನೇ ಹೊರಬರುತ್ತದೆ. ಮೂರು ಸಲ, ನಾಕು ಸಲ. ಒಮ್ಮೆಲೇ ಸಪ್ಪಳ ಬದಲಾಗುತ್ತದೆ. ಗರಗರ ಹೋಗಿ ಗುಟುಗುಟು. ಮುಚ್ಚಳ ತೆಗೆದರೆ ನಡುವೆ ಸುಳಿ ಬಿದ್ದಿರುತ್ತದೆ, ಮೇಲೆ ಹೊಳಪು. ಬೆಚ್ಚಗಿನ ಆ ಬೆಣ್ಣೆಯನ್ನು ಬೆರಳಿಂದ ನೆಕ್ಕದೆ ಇರುವವರನ್ನು ನಾನಿನ್ನೂ ಕಂಡಿಲ್ಲ. ಎರಡು ದಿನ ಇಟ್ಟರೆ ಎಣ್ಣೆ ಮೇಲೆ ತೇಲುತ್ತದೆ, ಕಲಕಿದರೆ ಸರಿ. ಅಂಗಡಿಯ ಬಹಳಷ್ಟು ಡಬ್ಬಿಗಳಲ್ಲಿ ಹಾಗೆ ತೇಲದಿರುವುದಕ್ಕೆ ಕಾರಣ ಅವಕ್ಕೆ ಸೇರಿಸುವ ಹೈಡ್ರೋಜನೀಕರಿಸಿದ ಎಣ್ಣೆ.

ಇನ್ನು ಸ್ಮೂದಿ. ಒಂದು ದೊಡ್ಡ ಲೋಟಕ್ಕೆ ನಾಕು ದೊಡ್ಡ ಚಮಚ ಓಟ್ಸ್, ಎರಡು ಬೀಜ ತೆಗೆದ ಉತ್ತತ್ತಿ. ಉತ್ತತ್ತಿಯನ್ನು ರಾತ್ರಿಯೇ ನೆನೆಸಿರಬೇಕು. ಓಟ್ಸ್ ಹಾಲಿನಲ್ಲಿ ಹತ್ತು ನಿಮಿಷ ನೆನೆದರೆ ಸಾಕು. ಅವಲಕ್ಕಿಯಂತೆ ಅದನ್ನೂ ಒತ್ತಿರುತ್ತಾರೆ, ಅದೂ ಕಾರ್ಖಾನೆಯಲ್ಲಿ ಹಬೆಯಾಡಿಸಿದ ಮೇಲೆ, ಬೇಯಿಸಬೇಕಿಲ್ಲ. ನೆನೆದಾಗ ಬಿಡುವ ಲೋಳೆಯೇ ಅದರ ಬೆಲೆಯುಳ್ಳ ಭಾಗ. ಬೀಟಾ ಗ್ಲುಕಾನ್ ಎಂಬ ಆ ನಾರು ಕೊಲೆಸ್ಟ್ರಾಲ್ ತಗ್ಗಿಸಲು ನೆರವಾಗುತ್ತದೆ, ಹೊಟ್ಟೆಯನ್ನು ಬಹಳ ಹೊತ್ತು ತುಂಬಿಸಿ ಇಡುತ್ತದೆ. ಇದಕ್ಕೆ ಒಂದು ಬಾಳೆಹಣ್ಣು, ಎರಡು ದೊಡ್ಡ ಚಮಚ ಶೇಂಗಾ ಬೆಣ್ಣೆ, ಕಾಸಿ ಆರಿಸಿದ ಎಮ್ಮೆ ಹಾಲು ಒಟ್ಟು 300 ಮಿಲಿ, ಚಿಟಿಕೆ ಉಪ್ಪು, ಒಂದು ಏಲಕ್ಕಿ. ಸಕ್ಕರೆ ಬೇಡ. ಎಲ್ಲವನ್ನೂ ಮಿಕ್ಸರಿಗೆ ಹಾಕಿ ತಿರುವಿ. ಹಾಲು ನಮ್ಮ ಓಣಿಯ ಗೌಳಿಗರದು. ನಮ್ಮ ಧಾರವಾಡಿ ಎಮ್ಮೆಗೆ ಈಗ ದೇಶದ ಎಮ್ಮೆ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಪೇಢೆ ಮಾಡಿಸಿದ ಹಾಲು ಅದು, ಗಟ್ಟಿ. ಎಲ್ಲ ಕೂಡಿಸಿ ಲೆಕ್ಕ ಹಾಕಿದರೆ ಆ ಲೋಟದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಆಗುತ್ತದೆ. ಆ ಹುಡುಗ ತನ್ನ ಡಬ್ಬಿ ತಂದು ಚೀಟಿಯಲ್ಲಿ ಬರೆದ ಅಂಕಿ ಓದಿ ತೋರಿಸಿದ. ಒಂದು ಚಮಚಕ್ಕೆ ಹೆಚ್ಚುಕಡಿಮೆ ಅಷ್ಟೇ ಇತ್ತು.

ಶೇಂಗಾ ಒಗ್ಗದ ಮೈಗಳಿವೆ. ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ ಒಂದು ಗುಟುಕೂ ಬೇಡ. ಮತ್ತೆ ಇದು ಊಟದ ಜೊತೆ ಕುಡಿಯುವ ಪಾನಕ ಅಲ್ಲ, ಇದೇ ನಾಷ್ಟಾ. ಓಟಕ್ಕೆ ಮೊದಲು ಕುಡಿದರೆ ಹೊಟ್ಟೆ ಕುಲುಕಿ ತೊಂದರೆ ಕೊಡುತ್ತದೆ, ಓಡಿ ಬಂದ ಮೇಲೆ ಕುಡಿಯಬೇಕು.

ಹುಡುಗ ಫಿಸಿಕಲ್ ಪಾಸಾದ. ಓಟ ಅವನದು, ಬೆವರು ಅವನದು, ನನ್ನ ಲೋಟದ ಪಾಲು ಎಷ್ಟೆಂದು ನಾನು ಹೇಳಲಾರೆ. ಊರಿಗೆ ಹೋಗಿ ಬರುವಾಗ ಅವರಪ್ಪ ಕಳಿಸಿದರೆಂದು ಹತ್ತು ಕಿಲೋ ಶೇಂಗಾ ಹೊತ್ತು ತಂದು ಅಡುಗೆಮನೆಯ ಹೊಸ್ತಿಲಲ್ಲಿ ಇಳಿಸಿದ. ಹೊಸ ಸುಗ್ಗಿಯದು, ಸಿಪ್ಪೆಗೆ ಇನ್ನೂ ಕೆಂಪು ಮಣ್ಣು ಹತ್ತಿತ್ತು. ಅರ್ಧ ಹಿಂಡಿಗೆ ಎತ್ತಿಟ್ಟೆ, ಅರ್ಧ ಬೆಣ್ಣೆಗೆ.

ನೀವೂ ಮಾಡಿ ನೋಡಿ. ಹುರಿಯುವ ಕಾಲು ತಾಸು ಮಾತ್ರ ಫೋನು ಬಂದರೂ ಒಲೆಯ ಮುಂದಿನಿಂದ ಏಳಬೇಡಿ. ಹೊತ್ತಿದ ಶೇಂಗಾದ ಕಹಿಗೆ ಬಾಳೆಹಣ್ಣಲ್ಲೂ ಮದ್ದಿಲ್ಲ, ಉತ್ತತ್ತಿಯಲ್ಲೂ ಇಲ್ಲ.